ಬೇಗೂರಿನ ಜೋಡುನಳಿಗೆ

೨೦೨೨ನೆಯ ಇಸವಿ, ಸೆಪ್ಟೆಂಬರ್ ೫, ಸೋಮವಾರ. ಆಕರ ನನ್ನ ದಿನಚರಿ. ಹಿಂದಿನ ರಾತ್ರಿ ಬೆಂಗಳೂರಿನ ಮೇಲೆ ಸುರಿದ ಮಳೆಯ ವರದಿ ಆ ವಾರದ ಪತ್ರಿಕೆಗಳಲ್ಲೆಲ್ಲ ಇರುವುದರಿಂದ ದಿನಾಂಕದಲ್ಲಿ ತಪ್ಪಿರಲಾರದು. ವಾರವನ್ನು ಪಂಚಾಂಗದೊಂದಿಗೂ ತಾಳೆ ನೋಡಿದ್ದೇನೆ. ಆ ಪುಟದಲ್ಲಿ ಇರುವುದು ಇಷ್ಟೇ: "ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು. ಮುನಿರಾಜು ಬಂದೂಕು ಕೊಳ್ಳಬೇಕಂತೆ."

ಈ ಪುಟವನ್ನು ಹುಡುಕಿ ತೆಗೆಯುವಂತೆ ಮಾಡಿದ್ದು ಒಂದು ವಾಸನೆ. ಕಳೆದ ವಾರ ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿಯೊಂದರ ಸೂರಿನಡಿ ಮಳೆಗೆ ನಿಂತಿದ್ದೆ. ಒಳಗೆ ಯಾರೋ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಒದ್ದೆ ಗಾಳಿಯಲ್ಲಿ ಆ ತೆಳು ಎಣ್ಣೆಯ ವಾಸನೆ ಬಂದದ್ದೇ ತಡ, ಆ ವರ್ಷದ ಮುಗಿಯದ ಮಳೆಗಾಲ, ಹೆಂಡತಿಯ ಹೊಲಿಗೆ ಯಂತ್ರದ ಎಣ್ಣೆಯಿಂದಲೇ ತನ್ನ ಬಂದೂಕನ್ನು ಒರೆಸುತ್ತಿದ್ದ ಮುನಿರಾಜು, ಎಲ್ಲವೂ ಒಟ್ಟಿಗೆ ಎದುರು ನಿಂತವು.

ಮುನಿರಾಜು ಆಗ ಜೆ.ಪಿ. ನಗರದ ಏಳನೆಯ ಹಂತದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿದ್ದರು. ಹುಟ್ಟಿದ್ದು ಬೇಗೂರಿನಲ್ಲಿ. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಬಂದು, ಪುಟ್ಟೇನಹಳ್ಳಿ ಕೆರೆಯ ಆಚೆ ಬಾಡಿಗೆ ಮನೆ ಮಾಡಿಕೊಂಡಿದ್ದರು. ಅವರ ತಂದೆಯ ಕಾಲದಲ್ಲಿಯೇ ಕುಟುಂಬ ಬೌದ್ಧಧರ್ಮವನ್ನು ಸ್ವೀಕರಿಸಿತ್ತು. ವಿಜಯದಶಮಿಯಂದು ಅವರ ಮನೆಯಲ್ಲಿ ನಡೆಯುತ್ತಿದ್ದುದು ದಸರೆಯ ಪೂಜೆಯಲ್ಲ, ಬೌದ್ಧಧರ್ಮಕ್ಕೆ ಸೇರಿದ ಧಮ್ಮದೀಕ್ಷೆಯ ಸ್ಮರಣೆ. ಗೇಟಿನ ಕೆಲಸದಲ್ಲಿ ಕಾಯುವುದು ಕಡಿಮೆ, ಉಳಿದದ್ದೇ ಹೆಚ್ಚು. ಪಾರ್ಸೆಲ್ ಇಸಿದುಕೊಳ್ಳುವುದು, ಕಾರು ಕಂಡೊಡನೆ ಓಡಿ ಬಂದು ಸೆಲ್ಯೂಟ್ ಹೊಡೆದು ಗೇಟು ತೆಗೆಯುವುದು, ತರಕಾರಿ ಚೀಲವನ್ನು ಲಿಫ್ಟಿನ ತನಕ ಹೊರುವುದು. ಆ ದಿನ ಬೆಳಿಗ್ಗೆ ಪ್ಯಾಂಟು ಮಡಿಸಿಕೊಂಡು ನೆಲಮಾಳಿಗೆಯ ನೀರನ್ನು ಪಂಪಿನಿಂದ ಹೊರಕ್ಕೆ ಹಾಕುತ್ತಿದ್ದವರು, ನನ್ನನ್ನು ಕಂಡು ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದವೊಂದನ್ನು ತೆಗೆದರು. ಬಂದೂಕಿನ ಲೈಸೆನ್ಸು.

"ಮೇಡಂ, ನೀವು ಹಳೇ ಕಲ್ಲುಗಳನ್ನೇ ಓದೋರು. ಇದ್ರಲ್ಲಿರೋ ಕಂಡೀಷನ್ ಒಂದ್ಸಲ ಓದಿ ಹೇಳಿ. ಇಂಗ್ಲಿಷು ಗೊತ್ತಾಗುತ್ತೆ, ಈ ಕಾನೂನಿನ ಇಂಗ್ಲಿಷು ಗೊತ್ತಾಗಲ್ಲ."

ನಾನು ವೃತ್ತಿಯಿಂದ ಶಾಸನ ಸಂಶೋಧಕಿ. ಓದಿ ಹೇಳಿದೆ. ಹನ್ನೆರಡು ಬೋರಿನ ಒಂದು ಬಂದೂಕು ಹೊಂದಲು ಅನುಮತಿ. ಡಿಸೆಂಬರ್ ಕೊನೆಯೊಳಗೆ ಕೊಂಡು ಅಧಿಕಾರಿಗಳಿಗೆ ತೋರಿಸತಕ್ಕದ್ದು. ಅವರಿಗೆ ಬೇಕಾಗಿದ್ದುದೂ ಆ ಗಡುವೇ. ಬ್ಯಾಂಕುಗಳಿಗೆ ಗನ್‌ಮ್ಯಾನ್‌ಗಳನ್ನು ಒದಗಿಸುವ ಏಜೆನ್ಸಿಯೊಂದು ಅವರನ್ನು ತೆಗೆದುಕೊಳ್ಳಲು ಒಪ್ಪಿತ್ತು. ಆ ಕೆಲಸದ ರಿವಾಜು ಹೊರಗಿನವರಿಗೆ ವಿಚಿತ್ರವೆನಿಸಬಹುದು: ಬಂದೂಕು ಬ್ಯಾಂಕಿನದಲ್ಲ, ಏಜೆನ್ಸಿಯದೂ ಅಲ್ಲ, ಕಾವಲಿಗೆ ನಿಲ್ಲುವವನದೇ. ಸ್ವಂತ ಬಂದೂಕು ಇದ್ದವನಿಗೆ ಮಾತ್ರ ಕೆಲಸ. ಐವತ್ತೈದು ತುಂಬಿದವರನ್ನು ಏಜೆನ್ಸಿ ಹೊಸದಾಗಿ ಸೇರಿಸಿಕೊಳ್ಳುತ್ತಿರಲಿಲ್ಲ, ಮತ್ತು ಮುನಿರಾಜು ಅವರಿಗೆ ಹೊಸ ವರ್ಷಕ್ಕೆ ಐವತ್ತೈದು.

"ಈ ಸಲ ಆಗ್ಲಿಲ್ಲ ಅಂದ್ರೆ ಗೇಟೇ ಗತಿ," ಎಂದು ನಕ್ಕರು. ಅಷ್ಟರಲ್ಲಿ ಮೇಲಿನಿಂದ ಯಾರೋ "ವಾಚ್‌ಮನ್! ಲಿಫ್ಟ್ ಯಾಕೆ ನಿಂತೋಯ್ತು?" ಎಂದು ಕೂಗಿದರು. ಲೈಸೆನ್ಸನ್ನು ಮತ್ತೆ ಕವರಿನಲ್ಲಿ ಸುತ್ತಿ ಎದೆಯ ಜೇಬಿಗೆ ಸೇರಿಸಿ, ಅವರು ಮೆಟ್ಟಿಲು ಹತ್ತಿ ಹೋದರು.

ನಿವೃತ್ತಿಯಾದ ಮೇಲೆ ನನಗೆ ಸಂಶೋಧನೆಗೆ ವಸ್ತುವಿಲ್ಲದೆ ಕೈ ಕಡಿಯುತ್ತಿತ್ತೆಂದೇ ಹೇಳಬೇಕು. ಬಂದೂಕನ್ನು ನಾನು ಜನ್ಮದಲ್ಲಿ ಮುಟ್ಟಿದವಳಲ್ಲ. ಆದರೂ ಆ ವಾರವೆಲ್ಲ ಕುಳಿತು ಒಂಟಿನಳಿಗೆಗೂ ಜೋಡುನಳಿಗೆಗೂ ಇರುವ ವ್ಯತ್ಯಾಸ, ದೇಶದಲ್ಲಿ ಎಲ್ಲಿ ತಯಾರಾದದ್ದು ಹೇಗೆ ಬಾಳುತ್ತದೆ ಎಂಬುದನ್ನೆಲ್ಲ ಓದಿದೆ. ಎರಡನೆಯ ಶನಿವಾರ ಇಬ್ಬರೂ ಪೇಟೆಯ ಬಂದೂಕಿನ ಅಂಗಡಿಗೆ ಹೋದೆವು.

ಅಂಗಡಿಯ ಯಜಮಾನರು ಅನ್ವರ್ ಸಾಹೇಬರು. ಮೂರು ತಲೆಮಾರಿನ ವ್ಯಾಪಾರ. ಲೈಸೆನ್ಸನ್ನು ನೋಡಿ, ನಮ್ಮಿಬ್ಬರನ್ನೂ ನೋಡಿ, "ಗನ್ನು ಯಾರಿಗೆ, ಸಾರ್‌ಗಾ ಮೇಡಂಗಾ?" ಎಂದರು.

"ನನಗೆ. ಮೇಡಂ ರಿಸರ್ಚು ಮಾಡ್ಕೊಂಡು ಬಂದಿದಾರೆ," ಎಂದರು ಮುನಿರಾಜು.

"ಅರೆ! ಗನ್ನು ತಗೊಳ್ಳೋಕೆ ರಿಸರ್ಚು ಬೇಕಿಲ್ಲ ಮೇಡಂ, ಹೆಗಲು ಬೇಕು," ಎನ್ನುತ್ತ ಸಾಹೇಬರು ಹೊಸದೊಂದು ಒಂಟಿನಳಿಗೆಯನ್ನು ಬಿಚ್ಚಿ, ಖಾಲಿಯಿದೆಯೆಂದು ತೋರಿಸಿ, ಅವರ ಕೈಗಿತ್ತರು. "ಕಣ್ಣು ಮುಚ್ಕೊಂಡು ಹೆಗಲಿಗೆ ಏರ್ಸಿ. ಈಗ ಕಣ್ಣು ಬಿಡಿ. ನಳಿಗೆ ತುದೀಲಿರೋ ಗುಂಡುಮಣಿ ಎದುರಿಗೇ ಇದೆಯಾ? ಇದ್ರೆ ಅದು ನಿಮ್ದು. ಕತ್ತು ಬಗ್ಗಿಸಿ ಹುಡುಕ್ಬೇಕು ಅಂದ್ರೆ, ಎಷ್ಟೇ ಅಗ್ಗ ಆಗ್ಲಿ, ಬೇರೆಯವರ್ದು."

ಮುನಿರಾಜು ಏರಿಸಿದರು. ಅವರ ಬೆನ್ನು ಅಷ್ಟು ನೆಟ್ಟಗಾದದ್ದನ್ನು ನಾನು ಗೇಟಿನ ಬಳಿ ಎಂದೂ ಕಂಡಿರಲಿಲ್ಲ. ಹಳೆಯ ಬಂದೂಕುಗಳನ್ನು ನೋಡುವ ಕ್ರಮವನ್ನೂ ಸಾಹೇಬರು ತೋರಿಸಿದರು. ಮುಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಬೇಕು, ಲೊಟಲೊಟ ಎಂದರೆ ಕೀಲು ಸವೆದಿದೆ; ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು, ಉಂಗುರದ ಮೇಲೆ ಉಂಗುರ ಜೋಡಿಸಿದ ಹಾಗೆ ಬೆಳಕು ಸುತ್ತಿಕೊಂಡಿದ್ದರೆ ಒಳ್ಳೆಯದು, ನಡುವೆ ಕಪ್ಪು ಚುಕ್ಕೆಗಳಿದ್ದರೆ ತುಕ್ಕು ಗುಳಿ ತೋಡಿದೆ ಎಂದರ್ಥ.

ಹೊಸ ಒಂಟಿನಳಿಗೆ ಮುನಿರಾಜು ಎತ್ತಿದ ಚೀಟಿಯ ಹಣಕ್ಕೆ ಎಟಕುವಂತಿತ್ತು. ಹೊಸ ಜೋಡುನಳಿಗೆ ಎಟಕುವಂತಿರಲಿಲ್ಲ. ಗೋಡೆಯ ಕಪಾಟಿನಲ್ಲಿ ಹಳೆಯ ಜೋಡುನಳಿಗೆಗಳ ಸಾಲೇ ಇತ್ತು, ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿತ್ತು.

"ಅವು ಸತ್ತೋರ ಗನ್ನು ಸಾರ್," ಎಂದರು ಸಾಹೇಬರು. "ಮಕ್ಕಳಿಗೆ ಲೈಸೆನ್ಸ್ ಇಲ್ಲ, ಇಲ್ಲಿ ತಂದು ಇಟ್ಟಿದಾರೆ. ಅಣ್ಣ ಮಾರು ಅಂತಾನೆ, ತಮ್ಮ ಬೇಡ ಅಂತಾನೆ, ಅಕ್ಕ ಸೈನ್ ಹಾಕಲ್ಲ. ನಾನು ಎಣ್ಣೆ ಹಾಕ್ತಾ ಕೂತಿದೀನಿ. ನಿಮಗೆ ಸಸ್ತಾದಲ್ಲಿ ಡಬಲ್ ಬೇಕು ಅಂದ್ರೆ ಬೇಗೂರು, ಹುಳಿಮಾವು ಕಡೆ ವಿಚಾರಿಸಿ. ಬೆಳೆ ಕಾಯೋಕೆ ಲೈಸೆನ್ಸ್ ತಗೊಂಡ ಹಳೇ ಮನೆತನಗಳಿವೆ. ಹೊಲ ಹೋಗಿ ಲೇಔಟ್ ಆಯ್ತು, ಗನ್ನು ಅಟ್ಟದ ಮೇಲಿದೆ. ಕೊಡ್ತೀವಿ ಅಂದ್ರೆ ನನ್ ಹತ್ರ ಬನ್ನಿ, ಪೇಪರ್ ಕೆಲ್ಸ ನಾನು ಮಾಡ್ಕೊಡ್ತೀನಿ."

ಮುನಿರಾಜು ಲೈಸೆನ್ಸನ್ನು ಮತ್ತೆ ಕವರಿನಲ್ಲಿ ಸುತ್ತಿಟ್ಟುಕೊಂಡರು. ಹೊರಗೆ ಬಂದ ಮೇಲೆ, "ಬೇಗೂರಲ್ಲಿ ಒಬ್ರ ಹತ್ರ ಇದೆ ಮೇಡಂ," ಎಂದರು. "ನಮ್ಮಪ್ಪ ಅವ್ರ ಹೊಲ ಕಾಯ್ತಿದ್ರು."

ಒಂಟಿನಳಿಗೆಯಲ್ಲಿಯೇ ತೃಪ್ತಿಪಡೋಣವೆಂದರೆ ಏಜೆನ್ಸಿಯ ಮೇಲ್ವಿಚಾರಕರು ಅದಕ್ಕೂ ಕಲ್ಲು ಹಾಕಿದರು. ಅವರೂ ಮಾಜಿ ಸೈನಿಕರೇ. ಮರುದಿನ ಗೇಟಿನ ಬಳಿ ಬೈಕು ನಿಲ್ಲಿಸಿ, ಇಳಿಯದೆಯೇ ಹೇಳಿದರು: "ಬ್ಯಾಂಕ್‌ನೋರು ಡಬಲ್ ಬ್ಯಾರಲ್ ಕೇಳ್ತಾರೆ ಮುನಿರಾಜು. ಸಿಂಗಲ್ ಹಿಡ್ಕೊಂಡು ಏನ್ ಮಾಡ್ತೀಯಾ? ಒಂದು ಹಾರ್ಸಿ, 'ಕಳ್ಳಪ್ಪಾ, ಒಂದ್ನಿಮಿಷ ನಿಂತ್ಕೋ, ತುಂಬ್ಕೊಳ್ತೀನಿ' ಅಂತೀಯಾ?"

"ಕಳ್ಳನಿಗೆ ಒಂದೋ ಎರಡೋ ಅನ್ನೋ ಲೆಕ್ಕ ಇರಲ್ಲ ಸಾರ್. ನಳಿಗೆ ಬಾಯಿ ಕಂಡ್ರೆ ಓಡ್ತಾನೆ."

"ಕಳ್ಳನಿಗಲ್ಲ ಗುರು, ಮ್ಯಾನೇಜರ್‌ಗೆ ಲೆಕ್ಕ ಇರುತ್ತೆ. ಡಬಲ್ ತಗೊಂಡು ಬಾ, ಬನಶಂಕರಿ ಬ್ರಾಂಚು ನಿಂದೇ."

ಸೆಪ್ಟೆಂಬರ್ ೧೮, ಭಾನುವಾರ, ನಾವು ಬೇಗೂರಿಗೆ ಹೋದೆವು. ಅದು ಪಿತೃಪಕ್ಷ, ಮಹಾಲಯ ಅಮಾವಾಸ್ಯೆ ಮುಂದಿನ ಭಾನುವಾರವಿತ್ತು. ನಾಗೇಶ್ವರ ದೇವಾಲಯದ ಕಲ್ಲುಗಳನ್ನು ನೋಡಲು ನಾನು ಆ ಊರಿಗೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ. ಅಲ್ಲಿಯ ಮನೆಯೊಂದರ ಒಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಮುನಿರಾಜು ಅವರ ತಂದೆ ಹೊಲ ಕಾಯುತ್ತಿದ್ದ ನಾರಾಯಣಪ್ಪನವರ ಮನೆ ಹಿಂದುಗಡೆ ಮೂರು ಅಂತಸ್ತಿನ ಬಾಡಿಗೆ ಕಟ್ಟಡವಾಗಿ ಬೆಳೆದಿದ್ದರೂ ಮುಂದಿನ ಜಗಲಿ, ಅಂಗಳ, ಅಂಗಳದ ಮೂಲೆಯ ಒರಳುಕಲ್ಲು ಹಳೆಯ ಹಾಗೆಯೇ ಉಳಿದಿದ್ದವು. ಜಗಲಿಯ ಮೇಲೆ ನಮಗಿಬ್ಬರಿಗೂ ಕುರ್ಚಿ ಹಾಕಿಸಿದರು. ಅವರ ಪತ್ನಿ ರತ್ನಮ್ಮನವರು ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಕಾಫಿ ತಂದರು. ಮುನಿರಾಜು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು.

"ಏನಪ್ಪಾ ಮುನಿರಾಜ, ಮಿಲಿಟ್ರಿಗೆ ಹೋದೋನು ಈ ಕಡೆ ತಲೇನೇ ಹಾಕ್ಲಿಲ್ಲ!" ನಾರಾಯಣಪ್ಪನವರ ಸಂತೋಷ ನಿಜವಾದದ್ದು, ಅದರಲ್ಲಿ ನನಗೆ ಆಗಲೂ ಸಂದೇಹವಿರಲಿಲ್ಲ, ಈಗಲೂ ಇಲ್ಲ. ಬಂದೂಕಿನ ಮಾತೆತ್ತಿದಾಗ ಅವರಿಗೆ ಹೊರೆ ಇಳಿದಂತಾಯಿತು. "ತಗೊಂಡೋಗು ಮಾರಾಯ! ಎಲೆಕ್ಷನ್ ಬಂದಾಗೆಲ್ಲ ಮದ್ವೆ ಹೆಣ್ಣನ್ನ ಕರ್ಕೊಂಡು ಹೋದಂಗೆ ಸ್ಟೇಷನ್ನಿಗೆ ಹೊತ್ಕೊಂಡು ಹೋಗ್ಬೇಕು, ಕ್ಯೂ ನಿಂತು ಒಪ್ಪಿಸ್ಬೇಕು, ಮುಗಿದ್ಮೇಲೆ ಮತ್ತೆ ಕ್ಯೂ. ಮುಂದಿನ ವರ್ಷ ಇನ್ನೊಂದು ಬರ್ತಿದೆ. ಈ ಮಂಡೀಲಿ ಆಗಲ್ಲ. ಹಂದಿ ಬರ್ತಿದ್ದ ಅವರೆ ಹೊಲದಲ್ಲಿ ಈಗ ಸ್ವಿಮ್ಮಿಂಗ್ ಪೂಲ್ ಇದೆ."

ಒಳಗಿನಿಂದ ತಂದು, ಬಿಚ್ಚಿ, ಖಾಲಿಯೆಂದು ತೋರಿಸಿ, ಆಕಾಶಕ್ಕೆ ಹಿಡಿದು, "ನೋಡಿ ಮೇಡಂ, ದುರ್ಬೀನು ಇದ್ದಂಗಿದೆ," ಎಂದರು. ಹೆಗಲಿಗೆ ಊರುವ ಹಿಂಭಾಗ ಅಕ್ರೋಟಿನ ಮರದ್ದು. ಕೀಲಿನ ಸಂದಿಯಲ್ಲಿ ಹೋದ ವರ್ಷದ ಪೂಜೆಯ ಕುಂಕುಮ. ಅವರು ಕೇಳಿದ ಬೆಲೆ ಹೊಸ ಒಂಟಿನಳಿಗೆಗಿಂತಲೂ ಬಹಳ ಕಡಿಮೆಯಾಗಿತ್ತು.

ರತ್ನಮ್ಮನವರು ನಡುವೆ ಬಾಯಿ ಹಾಕಿದರು. "ಪಕ್ಷ ಕಳೀಲಿ ಕಣ್ರೀ, ಆಮೇಲೆ ಕೊಡೋದು ತಗೊಳೋದು. ಇವತ್ತು ಬರೀ ನೋಡ್ಲಿ."

"ಆಯ್ತಮ್ಮ, ಯಾರು ಈಗ್ಲೇ ಕೊಟ್ರು?" ಎಂದು ನಾರಾಯಣಪ್ಪನವರು ಮುನಿರಾಜು ಕಡೆ ತಿರುಗಿದರು. "ಒಂದೇ ಒಂದು ಮಾತಪ್ಪಾ. ನಮ್ಮಪ್ಪನ ಕಾಲದಿಂದ ಆಯುಧಪೂಜೆ ತಪ್ಪಿಲ್ಲ ಇದಕ್ಕೆ. ವರ್ಷಕ್ಕೊಂದು ದಿನ ಬೆಳಿಗ್ಗೆ ಇಲ್ಲಿಗೆ ತಂದ್ಬಿಡು, ಪೂಜೆ ಮುಗಿಸ್ಕೊಂಡು ತಗೊಂಡ್ ಹೋಗು. ನಿಮ್ಮಪ್ಪ ತೋಟಾ ಚೀಲ ಹಿಡ್ಕೊಂಡು ಅಲ್ಲೇ ನಿಂತಿರ್ತಿದ್ದ ನೋಡು, ಆ ಒರಳುಕಲ್ಲಿನ ಹತ್ರ. ಮಂಗಳಾರತಿ ಆದ್ಮೇಲೆ ನಮ್ಮಪ್ಪ ಅವನ ಕೈಗೂ ಒಂದು ಹೋಳು ಕಾಯಿ ಹಾಕ್ತಿದ್ರು. ಆ ದಿನ ನೀನೂ ಅಲ್ಲಿ ಬಂದು ನಿಂತ್ರೆ, ನಮ್ಮಪ್ಪನ ಕಾಲಾನೇ ವಾಪಸ್ ಬಂದಂಗೆ."

ಮುನಿರಾಜು ಒರಳುಕಲ್ಲಿನ ಕಡೆ ನೋಡಲಿಲ್ಲ. ಕಾಫಿ ಲೋಟವನ್ನು ಕೆಳಗಿಟ್ಟು, ಎದ್ದು, ಬಂದೂಕನ್ನು ಕೈಗೆ ತೆಗೆದುಕೊಂಡರು. ಹೆಗಲಿಗೆ ಏರಿಸಿದರು, ಕತ್ತು ಬಗ್ಗಿಸಬೇಕಾಗಲಿಲ್ಲ. ಕಿವಿಯ ಬಳಿ ಅಲ್ಲಾಡಿಸಿದರು. ಬಿಚ್ಚಿ, ಎರಡೂ ನಳಿಗೆಗಳೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಮುಚ್ಚಿ, ಎರಡು ಕೈಯಲ್ಲೂ ಹಿಡಿದು ನಾರಾಯಣಪ್ಪನವರಿಗೆ ಹಿಂದಿರುಗಿಸಿದರು.

"ತುಕ್ಕು ತಿಂದಿದೆ ಸಾರ್. ಒಳಗೆಲ್ಲ ಗುಳಿ ಬಿದ್ದಿದೆ. ಏಜೆನ್ಸಿಯವ್ರು ಚೆಕ್ ಮಾಡ್ತಾರೆ, ಒಪ್ಪಲ್ಲ."

ನಾರಾಯಣಪ್ಪನವರು ಪೆಚ್ಚಾದರು. ನಾನೂ ಕೇಳಿ ಇಸಿದುಕೊಂಡು ನೋಡಿದೆ. ಸಾಹೇಬರು ಹೇಳಿದ್ದ ಕಪ್ಪು ಚುಕ್ಕೆಗಳು ಎಡ ನಳಿಗೆಯ ನಡುಭಾಗದಲ್ಲಿ ಕಂಡವು. ಕಂಡವೆಂದು ಆ ಸಂಜೆಯ ದಿನಚರಿಯಲ್ಲಿ ಬರೆದೂ ಇದ್ದೇನೆ. ಅಷ್ಟೇ ಅಲ್ಲ, ಅದಕ್ಕೊಂದು ಕಾರಣವನ್ನೂ ಅಲ್ಲಿಯೇ ಕಂಡುಹಿಡಿದೆ: ವರ್ಷವರ್ಷವೂ ಪೂಜೆಗೆ ಮುನ್ನ ಬಂದೂಕನ್ನು ತೊಳೆಯುತ್ತಾರೆ, ಅರಿಸಿನದ ನೀರು ಒಳಗಿಳಿಯುತ್ತದೆ, ಮತ್ತೆ ಅಟ್ಟ ಸೇರುತ್ತದೆ, ತುಕ್ಕು ಹಿಡಿಯದೆ ಇನ್ನೇನು? ದೊಡ್ಡ ದನಿಯಲ್ಲಿಯೇ ಹೇಳಿದೆನೆಂದು ತೋರುತ್ತದೆ.

ರತ್ನಮ್ಮನವರ ಮುಖ ಕೆಂಪಾಯಿತು. "ಏನಮ್ಮಾ ಹಂಗಂದ್ರೆ? ನಮ್ಮತ್ತೆ ಇದ್ದಾಗಿಂದ ಇದನ್ನ ನೋಡ್ಕೊಂಡಿರೋಳು ನಾನು. ಪೂಜೆ ಆದ ಸಂಜೇನೇ ಕಡ್ಡಿಗೆ ಬಟ್ಟೆ ಸುತ್ತಿ, ಒಳಗೆ ಒಣಗಿಸಿ, ಎಣ್ಣೆ ಹಾಕಿ ಎತ್ತಿಡ್ತೀನಿ. ಒಂದ್ ವರ್ಷ ತಪ್ಸಿಲ್ಲ. ತುಕ್ಕಂತೆ!"

"ಹಳೇದಾಯ್ತಲ್ಲಮ್ಮಾ, ನಿಮ್ದೇನೂ ತಪ್ಪಿಲ್ಲ," ಎಂದರು ಮುನಿರಾಜು, ತಲೆ ತಗ್ಗಿಸಿ. ಅವರು ಬಿಟ್ಟ ಲೋಟವನ್ನು ರತ್ನಮ್ಮನವರು ಟಣ್ಣೆಂದು ತಟ್ಟೆಗಿಟ್ಟುಕೊಂಡು ಒಳಗೆ ಹೋದರು.

ಹಿಂದಿರುಗುವಾಗ ಆಟೋದಲ್ಲಿ ನಾನು, ಬಂದೂಕನ್ನು ಒಮ್ಮೆ ಅನ್ವರ್ ಸಾಹೇಬರಿಗೆ ತೋರಿಸಬಹುದಲ್ಲ, ಗುಳಿ ಆಳವಿಲ್ಲದಿದ್ದರೆ ಉಜ್ಜಿ ಸರಿಮಾಡುತ್ತಾರೇನೋ, ಬನಶಂಕರಿಯ ಕೆಲಸ ಕೈಬಿಡುವುದು ಬೇಡ ಎಂದೆ.

"ಬೇಡ ಮೇಡಂ, ಬಿಟ್ಬಿಡಿ," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಮಳೆ ಬರೋ ಹಂಗಿದೆ, ಪಂಪು ಆನ್ ಮಾಡ್ಬೇಕು," ಎಂದರು. ಅಷ್ಟೇ.

ಮಳೆ ನಿಲ್ಲಲಿಲ್ಲ, ಅಕ್ಟೋಬರಿನಲ್ಲಿ ಮತ್ತೆ ರಸ್ತೆಗಳು ಹೊಳೆಯಾದವು. ಬನಶಂಕರಿಯ ಸ್ಥಾನ ಜೋಡುನಳಿಗೆ ಇದ್ದ ಬೇರೊಬ್ಬರಿಗೆ ಹೋಯಿತು. ನವೆಂಬರಿನಲ್ಲಿ ಮುನಿರಾಜು ಚೀಟಿಯ ಹಣವನ್ನೆಲ್ಲ ಸುರಿದು ಅನ್ವರ್ ಸಾಹೇಬರ ಆ ಹೊಸ ಒಂಟಿನಳಿಗೆಯನ್ನೇ ಕೊಂಡರು. ನೋಡಲು ಅವರ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಮಳೆಗೆ ಒಗೆದ ಬಟ್ಟೆಯೆಲ್ಲ ಒಳಗೇ ತೂಗುತ್ತಿತ್ತು. ಬಟ್ಟೆ ಹೊಲಿಯುತ್ತಿದ್ದ ಪತ್ನಿ ಸರೋಜಮ್ಮ ಯಂತ್ರ ನಿಲ್ಲಿಸಿ ನನಗೆ ದೂರು ಹೇಳಿದರು.

"ನೋಡಿ ಮೇಡಂ, ಇರೋದೊಂದು ಬೀಗದ ಬೀರು. ನನ್ ಸೀರೆಯೆಲ್ಲ ಹಗ್ಗದ ಮೇಲೆ, ಈ ನನ್ ಸವತಿ ಬೀರು ಒಳಗೆ!"

"ಸರ್ಕಾರದ ರೂಲ್ಸು ಕಣೇ, ಬೀಗ ಹಾಕಿ ಇಡ್ಬೇಕು."

"ನನ್ ಎಣ್ಣೆ ಬಾಟ್ಲಿ ಖಾಲಿ ಮಾಡು ಅಂತಾನೂ ರೂಲ್ಸಲ್ಲಿ ಇದೆಯಾ? ಕೆಲ್ಸಾನೇ ಸಿಕ್ಕಿಲ್ಲ, ದಿನಾ ಒರ್ಸೋದು."

ನಿಜ, ಕೆಲಸ ಸಿಕ್ಕಿರಲಿಲ್ಲ. ಡಿಸೆಂಬರಿನ ಬಹುಭಾಗ ಅವರು ಗೇಟಿನಲ್ಲಿಯೇ ಕಳೆದರು. ಮೇಲ್ವಿಚಾರಕರ ಬೈಕಿನ ಸದ್ದು ಕೇಳಿದೊಡನೆ ತಲೆ ಎತ್ತುತ್ತಿದ್ದರು. ಬೈಕು ನಿಲ್ಲದೆ ಹೋದಾಗ ಮತ್ತೆ ಪಾರ್ಸೆಲ್ಲಿನ ಮೇಲಿನ ಹೆಸರು ಓದುತ್ತಿದ್ದರು. ಬೇಗೂರಿನ ಬಂದೂಕು ತುಕ್ಕು ಹಿಡಿಯದೆ ಇದ್ದಿದ್ದರೆ ಎಂದು ನಾನು ಆ ದಿನಗಳಲ್ಲಿ ಹಲವು ಸಲ ಅಂದುಕೊಂಡಿದ್ದೇನೆ; ಒಮ್ಮೆ ಅವರ ಮುಂದೆಯೇ ಅಂದೆ. ಅವರು ಕಾರು ಬಂತೆಂದು ಗೇಟು ತೆಗೆಯಲು ಹೋದರು. ವರ್ಷದ ಕೊನೆಯ ವಾರದಲ್ಲಿ ಕರೆ ಬಂತು. ತ್ಯಾಗರಾಜನಗರದ ಚಿಕ್ಕದೊಂದು ಪತ್ತಿನ ಸಹಕಾರ ಸಂಘದ ಗನ್‌ಮ್ಯಾನ್ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಸಂಬಳ ಬ್ಯಾಂಕಿಗಿಂತ ಕಡಿಮೆ. ಆದ್ದರಿಂದ ನಳಿಗೆಯ ಲೆಕ್ಕವನ್ನು ಅವರು ಕೇಳಲಿಲ್ಲ.

ಹೊಸ ವರ್ಷದಲ್ಲಿ ಒಂದು ಮಧ್ಯಾಹ್ನ ಆ ಸಂಘಕ್ಕೆ ಹೋದೆ. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಗಾಜಿನ ಬಾಗಿಲ ಪಕ್ಕ, ಒಂಟಿನಳಿಗೆಯನ್ನು ಓರೆಯಾಗಿ ಹಿಡಿದು ಮುನಿರಾಜು ನಿಂತಿದ್ದರು. ನನ್ನ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಅವರು ಬಾಗಿಲಿಗೆ ಕೈ ಚಾಚಲಿಲ್ಲ.

"ತಳ್ಳಿ ಮೇಡಂ," ಎಂದರು, ನಗುತ್ತ. "ಸ್ವಲ್ಪ ಬಿಗಿ ಇದೆ."

ಇಷ್ಟನ್ನು ದಿನಚರಿ ಮತ್ತು ನೆನಪಿನಿಂದ ಬರೆದು ಮುಗಿಸಿ, ಬೇಗೂರಿನ ಬಂದೂಕಿನ ಮೇಲೆ ಕೆತ್ತಿದ್ದ ಅಕ್ಷರಗಳು ಏನಿದ್ದವೆಂದು ಖಚಿತಪಡಿಸಿಕೊಳ್ಳಲು ಹಳೆಯ ಫೋನನ್ನು ತೆರೆದೆ. ಅಕ್ಷರ ಕಂಡಲ್ಲಿ ಚಿತ್ರ ತೆಗೆಯುವುದು ನನ್ನ ಕಸುಬಿನ ಅಭ್ಯಾಸ. ತೆಗೆದದ್ದು ಮರೆತೇ ಹೋಗಿತ್ತು, ಚಿತ್ರಗಳು ಅಲ್ಲಿದ್ದವು. ಅವುಗಳಲ್ಲೊಂದು ನಳಿಗೆಗಳ ಒಳಗಿನದು. ದಿನಾಂಕ ಸೆಪ್ಟೆಂಬರ್ ೧೮. ಅಂಚಿನಲ್ಲಿ ನಾರಾಯಣಪ್ಪನವರ ಉಂಗುರದ ಬೆರಳು ಇರುವುದರಿಂದ, ಅವರು ಆಕಾಶಕ್ಕೆ ಹಿಡಿದು ತೋರಿಸಿದಾಗಿನದು. ಅಂದರೆ ಪೂಜೆಯ ದಿನ ಒರಳುಕಲ್ಲಿನ ಬಳಿ ಬಂದು ನಿಲ್ಲುವ ಮಾತು ಬರುವುದಕ್ಕೆ ಮುಂಚಿನದು.

ಸವೆದ ಶಾಸನದ ಮುಂದೆ ಪಕ್ಕದಲ್ಲಿದ್ದವರು ಒಂದು ಅಕ್ಷರವನ್ನು ಗಟ್ಟಿಯಾಗಿ ಓದಿಬಿಟ್ಟರೆ, ಆಮೇಲೆ ನಮ್ಮ ಕಣ್ಣಿಗೂ ಅದೇ ಅಕ್ಷರ ಕಾಣತೊಡಗುತ್ತದೆ. ಇದು ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ನೆನಪಿನಲ್ಲಿ ಎಡ ನಳಿಗೆಯ ಕಪ್ಪು ಚುಕ್ಕೆಗಳು ಇಂದಿಗೂ ಸ್ಪಷ್ಟವಾಗಿವೆ, ದಿನಚರಿಯಲ್ಲಿಯೂ ಇವೆ. ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿ, ಭಾಗ ಭಾಗವಾಗಿ ಹಿಗ್ಗಿಸಿ ನೋಡಿದ್ದೇನೆ. ಎರಡು ದುಂಡು ಆಕಾಶಗಳು. ಅವುಗಳ ಸುತ್ತ ಉಂಗುರದ ಮೇಲೆ ಉಂಗುರವಾಗಿ, ಎಲ್ಲಿಯೂ ಕಡಿಯದೆ, ಬೆಳಕು. ರತ್ನಮ್ಮನವರು ಹೇಳಿದ್ದೇ ಸರಿ: ನಳಿಗೆಗಳಲ್ಲಿ ತುಕ್ಕಿರಲಿಲ್ಲ.